ಜೂಡಿತಳ ಹಾಡು, ಅನಾಥ ಹೆಣ್ಣುಮಕ್ಕಳ ಕಂಠ



ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ನಮಗೆ ಗೀಗೀ ಪದ ಹೊಸದಲ್ಲ. ಪರದೆಯಿಲ್ಲ, ರಂಗಸಜ್ಜಿಕೆಯಿಲ್ಲ, ದಪ್ಪು, ತುಂತುಣಿ ಹಿಡಿದು ನಿಂತವರು ಹಾಡಿದರೆ ಸಾಕು, 1824ರ ಕಿತ್ತೂರ ಕೋಟೆಯೂ ವಿಧವೆ ರಾಣಿ ಚೆನ್ನಮ್ಮನೂ ಕಣ್ಣೆದುರು ಬರುತ್ತಾರೆ. ಹೀಗೆಯೇ ವೇಷವಿಲ್ಲದೆ ಬೈಬಲಿನ ಕಥೆಯನ್ನು ಹಾಡಿ ಹೇಳುವ ಪದ್ಧತಿ ಧರ್ಮಸಭೆಯಲ್ಲಿಯೂ ಬೆಳೆಯಿತು. ಅದರ ಹೆಸರು ಒರಟೋರಿಯೊ. 16ನೇ ಶತಮಾನದಲ್ಲಿ ಸಂತ ಫಿಲಿಪ್ ನೇರಿಯವರು ರೋಮಿನಲ್ಲಿ ಜನರನ್ನು ಕೂಡಿಸುತ್ತಿದ್ದ ಪ್ರಾರ್ಥನಾಲಯದಿಂದ ಈ ಹೆಸರು ಬಂತು.

ಇಂತಹ ಒಂದು ಹಾಡುಗಥೆಯ ನಾಯಕಿ ಜೂಡಿತ. ಹೋಲೊಫೆರ್ನಸನ ದಂಡು ಬೆತೂಲಿಯಾ ಊರಿನ ನೀರಿನ ಸೆಲೆಗಳನ್ನು ಹಿಡಿದು ಕುಳಿತಿತು. ಬಾಯಾರಿದ ಜನ ಐದು ದಿನ ಕಾದು ಶರಣಾಗಲು ಒಪ್ಪಿದರು. ಆಗ ವಿಧವೆ ಜೂಡಿತಳು ತಲೆಗೆ ಬೂದಿ ಹಾಕಿಕೊಂಡು ಪ್ರಾರ್ಥಿಸಿದಳು. ದಾಸಿಯೊಬ್ಬಳೊಡನೆ ಪಾಳೆಯಕ್ಕೆ ಹೋಗಿ, ಅವನ ತಲೆ ಕಡಿದು ಊರನ್ನು ಉಳಿಸಿದಳು. ಗೆಲುವು ದೇವರದೆಂದು ಹಾಡಿದಳು.

ಈ ಕಥೆಗೆ 1716ರಲ್ಲಿ ವೆನಿಸ್ ನಗರದಲ್ಲಿ ಸಂಗೀತ ಕೊಟ್ಟವರು ಅಂತೋನಿಯೊ ವಿವಾಲ್ಡಿ. ಅವರು 1703ರಲ್ಲಿ ದೀಕ್ಷೆ ಪಡೆದ ಗುರುಗಳು. ಲತೀನ್ ಭಾಷೆಯ ಆ ಕೃತಿಯ ಹೆಸರು 'ಜೂಡಿತಾ ತ್ರಿಯುಂಫಾನ್ಸ್', ಅಂದರೆ ವಿಜಯಿನಿ ಜೂಡಿತ. ಹಾಡಿದವರು ಪಿಯೆತಾ ಎಂಬ ಅನಾಥಾಲಯದ ಹೆಣ್ಣುಮಕ್ಕಳು. ಸೇನಾಪತಿ ಹೋಲೊಫೆರ್ನಸನ ಪಾತ್ರಕ್ಕೂ ಹೆಣ್ಣುದನಿಯೇ! ಹೆತ್ತವರು ಬಿಟ್ಟುಹೋದ ಕೂಸುಗಳ ಕಂಠದಿಂದಲೇ ದೇವರ ಗೆಲುವು ಕೇಳಿಬಂತು.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಅದೇ ವರ್ಷ ವೆನಿಸ್ ತುರ್ಕರೊಡನೆ ಯುದ್ಧದಲ್ಲಿತ್ತು. ಆ ಕೃತಿಯಲ್ಲಿ ಜೂಡಿತಳೇ ವೆನಿಸ್, ಹೋಲೊಫೆರ್ನಸನೇ ತುರ್ಕರ ಸುಲ್ತಾನ ಎಂದು ಅರ್ಥ ಹೇಳಲಾಯಿತು. ದೇವರ ವಾಕ್ಯವನ್ನು ನಮ್ಮ ಹಗೆತನಕ್ಕೆ ದುಡಿಸಿಕೊಳ್ಳುವುದು ಎಷ್ಟು ಸುಲಭ! ನಾವೂ ಪಕ್ಕದ ಓಣಿಯವರಿಗೆ, ಬೇರೆ ಧರ್ಮದವರಿಗೆ ಹೋಲೊಫೆರ್ನಸನ ಮುಖ ಅಂಟಿಸುತ್ತಿಲ್ಲವೇ?

ನಮ್ಮ ನೆಲದ ಇತಿಹಾಸವನ್ನೇ ನೋಡಿ. 1824ರಲ್ಲಿ ಕಿತ್ತೂರಿನಲ್ಲಿ ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಜೀವಂತವಾಗಿ ಬಿಡುಗಡೆಯಾದರು. ಮುಂದೆ 1829ರಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ಕಣ್ಣುಮುಚ್ಚಿದಳು. ಕೈಗೆ ಸಿಕ್ಕ ಶತ್ರುವಿನ ಪ್ರಾಣ ಉಳಿಸುವುದೂ ಶೌರ್ಯವೇ.

ಜೂಡಿತಳಿಗೆ ಸಂದ ಹೊಗಳಿಕೆಯನ್ನು ಧರ್ಮಸಭೆ ಮಾತೆ ಮರಿಯಮ್ಮನವರಿಗೂ ಸಲ್ಲಿಸುತ್ತದೆ. ಆದರೆ ಮರಿಯಮ್ಮನವರ ಸ್ತುತಿಗೀತೆಯಲ್ಲಿ ಯಾವ ಶತ್ರುವಿನ ಹೆಸರೂ ಇಲ್ಲ. ಅಲ್ಲಿ ಚದುರಿಹೋಗುವವರು ಗರ್ವಿಷ್ಠರು. ಆ ಗರ್ವ ಮೊದಲು ನಮ್ಮ ಎದೆಯಲ್ಲಿಯೇ ಪಾಳೆಯ ಹೂಡಿದೆ. ಈ ಹಬ್ಬದ ದಿನ ಅದರ ತಲೆ ಉರುಳಲಿ. ನಮ್ಮ ಹಾಡಿನಲ್ಲಿ ನೆರೆಯವರಿಗೂ ಜಾಗವಿರಲಿ. ಆಮೆನ್.