ಮೋಟಾರು ಸೈಕಲ್ಲಿನ ಹ್ಯಾಂಡಲ್ಲೂ ಪೀಣ್ಯದ ಶೆಡ್ಡುಗಳೂ

ಮೋಟಾರು ಸೈಕಲ್ಲು ನೆಲಕ್ಕೆ ಬಿದ್ದಾಗ ಬಹುಶಃ ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವುದು ಅದರ ಹ್ಯಾಂಡಲ್ಲು. ವಾಹನದ ಇಕ್ಕೆಲಗಳಿಗೂ ಅತಿ ದೂರ ಚಾಚಿಕೊಂಡಿರುವ ಅವಯವವು ಅದೇ ಆದುದರಿಂದ, ಗಾಡಿಯು ನಿಂತಲ್ಲಿಯೇ ವಾಲಿ ಉರುಳಿದರೂ ಸರಿ, ಮಳೆಗಾಲದ ಕೆಸರಿನಲ್ಲಿ ಜಾರಿದರೂ ಸರಿ, ಬೀಳುವ ಭಾರವು ಅದರ ತುದಿಯ ಮೇಲೆ ಎರಗುತ್ತದೆ. ತೆಳುವಾದ ಉಕ್ಕಿನ ಕೊಳವೆಯು ಆ ಭಾರಕ್ಕೆ ಮಣಿಯುತ್ತದೆ. ಸವಾರನು ಎದ್ದು, ಮೈ ಕೊಡವಿಕೊಂಡು ಮತ್ತೆ ಹೊರಟಾಗ ಚಕ್ರವು ನೇರವಾಗಿ ಸಾಗುತ್ತಿದ್ದರೂ ಅವನ ಕೈಗಳೆರಡೂ ಓರೆಯಾಗಿರುತ್ತವೆ. ಇಂಥ ಹ್ಯಾಂಡಲ್ಲನ್ನು ಕಳಚಿ ಹೊಸದೊಂದನ್ನು ಕೂಡಿಸುವುದು ಇಂದು ಬೆಂಗಳೂರಿನ ಯಾವ ಗ್ಯಾರೇಜಿನಲ್ಲಿಯೂ ಸ್ವಲ್ಪ ಹೊತ್ತಿನಲ್ಲಿ ಮುಗಿದುಹೋಗುವ ಕೆಲಸ. ಅದು ಇಷ್ಟು ಸುಲಭವಾಗುವುದಕ್ಕೆ ಮುಂಚೆ ಈ ಪ್ರಾಂತದಲ್ಲಿ ಏನೇನು ನಡೆಯಬೇಕಾಯಿತು, ಯಾರು ಯಾರ ಕೈಚಳಕವು ಕೂಡಿಬರಬೇಕಾಯಿತು ಎಂಬುದು ಬರೆದಿಡಲು ತಕ್ಕ ಚರಿತ್ರೆಯೆಂದು ನನ್ನ ನಂಬಿಕೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮೈಸೂರು ರಾಜ್ಯದ ರಸ್ತೆಗಳಲ್ಲಿ ಓಡುತ್ತಿದ್ದ ಮೋಟಾರು ಸೈಕಲ್ಲುಗಳು ಕಡಲಾಚೆಯಿಂದ ಬಂದವು. 1955ರಲ್ಲಿ ಮದರಾಸಿನಲ್ಲಿ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನ ಜೋಡಣೆ ಮೊದಲಾಯಿತು. 1961ರಲ್ಲಿ, ಚೆಕೊಸ್ಲೊವಾಕಿಯಾದ ಜಾವಾ ಕಾರ್ಖಾನೆಯ ಒಪ್ಪಿಗೆಯನ್ನು ಪಡೆದು ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು, ಆಗ ರಾಜ್ಯಪಾಲರಾಗಿದ್ದ ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಕನ್ನಡನಾಡಿನ ನೆಲದಲ್ಲಿಯೇ ತಯಾರಾದ ಮೋಟಾರು ಸೈಕಲ್ಲಿನ ಕಥೆಯು ಅಲ್ಲಿಂದ ಆರಂಭ. 1973ರ ವೇಳೆಗೆ ಅದೇ ವಾಹನವು ಯೆಜ್ದಿ ಎಂಬ ಹೆಸರನ್ನು ತಾಳಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು.

ಆದರೆ ವಾಹನವು ನಾಡಿನಲ್ಲಿಯೇ ಹುಟ್ಟಿದ ಮಾತ್ರಕ್ಕೆ ಅದರ ಬಿಡಿಭಾಗಗಳು ಊರೂರಿನಲ್ಲಿ ದೊರಕುತ್ತಿದ್ದುವೆಂದು ಭಾವಿಸಲಾಗದು. ಸರ್ಕಾರದ ಪರವಾನಗಿಯಲ್ಲಿ ನಮೂದಾದುದಕ್ಕಿಂತ ಮನಬಂದಷ್ಟು ಹೆಚ್ಚಾಗಿ ತಯಾರಿಸಲು ಕಾರ್ಖಾನೆಗಳಿಗೆ ಸ್ವಾತಂತ್ರ್ಯವಿಲ್ಲದಿದ್ದ, ಸ್ಕೂಟರಿಗಾಗಿ ಹಣ ಕಟ್ಟಿದ ಗೃಹಸ್ಥನು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿದ್ದ ಆ ಕಾಲದಲ್ಲಿ, ಬಾಗಿದ ಹ್ಯಾಂಡಲ್ಲಿಗೆ ಪ್ರತಿಯಾಗಿ ಹೊಸದನ್ನು ಕೊಳ್ಳುವುದು ಯಾರಿಗೂ ಮೊದಲು ಹೊಳೆಯುವ ಉಪಾಯವಾಗಿರಲಿಲ್ಲ. ಮೆಕ್ಯಾನಿಕ್ಕನು ಬಾಗಿದ ತುದಿಗೆ ಉದ್ದನೆಯ ಗಟ್ಟಿ ಪೈಪೊಂದನ್ನು ತೂರಿಸಿ, ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ಎಳೆಯುತ್ತಿದ್ದನು. ಹಾಗೂ ಬಗ್ಗದಿದ್ದರೆ ಗ್ಯಾಸಿನ ಜ್ವಾಲೆಯಿಂದ ಕಾಯಿಸುತ್ತಿದ್ದನು. ‘ಬೆಂಡ್ ತೆಗೆಯುವುದು’ ಎಂದು ಗ್ಯಾರೇಜುಗಳಲ್ಲಿ ಇಂದಿಗೂ ಕರೆಯುವುದು ಇದನ್ನೇ.

ಅದು ಕೊರತೆಯ ಕಾಲದ ವಿವೇಕವಾಗಿದ್ದಿತಾದರೂ ನಿರಪಾಯವಾದುದಲ್ಲ. ಒಮ್ಮೆ ಬಾಗಿದ ಉಕ್ಕನ್ನು ತಣ್ಣಗಿರುವಾಗಲೇ ಹಿಂದಕ್ಕೆ ಬಾಗಿಸಿದರೆ ಆ ಜಾಗವು ಬಿರುಸಾಗಿ ಪೆಡಸುಗೊಳ್ಳುತ್ತದೆ. ಮೇಲಿನ ಕ್ರೋಮಿಯಂ ಲೇಪವು ಕೂದಲೆಳೆಯಂತೆ ಬಿರುಕು ಬಿಟ್ಟು, ಅದರ ಸಂದಿನಿಂದ ತೇವವು ಒಳಹೊಕ್ಕು ತುಕ್ಕು ತಿನ್ನತೊಡಗುತ್ತದೆ. ಬೆಂಕಿಯಿಂದ ಕಾಯಿಸಿದರಂತೂ ಲೇಪವು ನೀಲಿಗಟ್ಟಿ ಕೆಡುತ್ತದೆ. ಎರಡು ಮೂರು ಬಾರಿ ಹೀಗೆ ನೆಟ್ಟಗಾದ ಕೊಳವೆಯು, ತನ್ನನ್ನು ಗಾಡಿಗೆ ಬಿಗಿದು ಹಿಡಿದಿರುವ ಕ್ಲಾಂಪಿನ ಪಕ್ಕದಲ್ಲಿ ಯಾವ ಸೂಚನೆಯನ್ನೂ ಕೊಡದೆ ತುಂಡಾಗಬಲ್ಲುದು. ಓಡುವ ವಾಹನದಲ್ಲಿ ಹ್ಯಾಂಡಲ್ಲು ತುಂಡಾಗುವುದಕ್ಕಿಂತ ಭಯಂಕರವಾದ ವಿಪತ್ತು ಸವಾರನಿಗೆ ಮತ್ತೊಂದಿಲ್ಲ.

ಈ ಅಪಾಯಕ್ಕೆ ಪರಿಹಾರವು ಮೋಟಾರು ಸೈಕಲ್ ಕಾರ್ಖಾನೆಗಳಿಗಿಂತ ಮಿಗಿಲಾಗಿ ಬೇರೊಂದು ದಿಕ್ಕಿನಿಂದ ಒದಗಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯು ಯಂತ್ರಗಳನ್ನು ನಿರ್ಮಿಸುವ ಯಂತ್ರಗಳನ್ನು ತಯಾರಿಸುತ್ತಿದ್ದಿತು; ಅದರ ನೆರೆಯಲ್ಲಿಯೇ ಭಾರತ್ ಎಲೆಕ್ಟ್ರಾನಿಕ್ಸ್ ಬೆಳೆಯಿತು; 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ರಾಜಾಜಿನಗರದಲ್ಲಿ ಸರ್ಕಾರಿ ಉಪಕರಣಾಗಾರವೂ ತರಬೇತಿ ಕೇಂದ್ರವೂ ನೆಲೆಗೊಂಡುವು. ಲೇತಿನ ಮುಂದೆ ನಿಂತು ಅಳತೆಯ ಸೂಕ್ಷ್ಮವನ್ನು ಕಣ್ಣಿನಲ್ಲಿಯೇ ಗುರುತಿಸಬಲ್ಲ ಕುಶಲಕರ್ಮಿಗಳ ಒಂದು ಸಂತತಿಯನ್ನು ಈ ಸಂಸ್ಥೆಗಳು ನಗರದ ವಾಯವ್ಯದಲ್ಲಿ ಬೆಳೆಸಿದುವು. ತುಮಕೂರು ರಸ್ತೆಯ ಮಗ್ಗುಲಲ್ಲಿದ್ದ ಪೀಣ್ಯವೆಂಬ ಹಳ್ಳಿಯ ಸುತ್ತಣ ಭೂಮಿಯನ್ನು 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗಿ ವಿಂಗಡಿಸಿ ಹಂಚಿದಾಗ, ಕೆಲಸ ಕಲಿತವರಲ್ಲಿ ಎಷ್ಟೋ ಮಂದಿ ಸ್ವಂತವಾಗಿ ಒಂದು ಶೆಡ್ಡು, ಒಂದು ಲೇತು, ಒಂದು ಡ್ರಿಲ್ಲಿಂಗ್ ಮೆಷೀನು ಎಂದು ಅಲ್ಲಿ ಬಾಳನ್ನು ಹೂಡಿದರು. ಪೀಣ್ಯವು ಏಷ್ಯಾದ ಅತಿ ದೊಡ್ಡ ಸಣ್ಣ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂಬ ಖ್ಯಾತಿಯನ್ನು ಪಡೆದುದು ಅಂಥ ಶೆಡ್ಡುಗಳಿಂದ.

ಅಲ್ಲಿನ ಜೀವನಾಡಿಯು ‘ಜಾಬ್ ವರ್ಕ್’. ಒಬ್ಬನು ಪೈಪು ಕತ್ತರಿಸುತ್ತಾನೆ, ಮತ್ತೊಬ್ಬನು ಬಾಗಿಸುತ್ತಾನೆ, ಮೂರನೆಯವನು ತೂತು ಕೊರೆಯುತ್ತಾನೆ, ನಾಲ್ಕನೆಯವನು ಬಫಿಂಗ್ ಮಾಡುತ್ತಾನೆ, ಐದನೆಯವನ ತೊಟ್ಟಿಯಲ್ಲಿ ಪ್ಲೇಟಿಂಗ್ ಆಗುತ್ತದೆ. ಸರಕು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಲಗೇಜ್ ಆಟೋದಲ್ಲಿ ಸಂಚರಿಸುತ್ತದೆ. ದೊಡ್ಡ ಕಾರ್ಖಾನೆಯು ಒಂದೇ ಸೂರಿನಡಿ ಮಾಡುವುದನ್ನು ಇಲ್ಲಿ ನಾಲ್ಕಾರು ಬೀದಿಗಳು ಕೂಡಿ ಮಾಡುತ್ತವೆ.

ಹ್ಯಾಂಡಲ್ಲು ತಯಾರಾಗುವ ಕ್ರಮವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಒಳ್ಳೆಯ ಹ್ಯಾಂಡಲ್ಲಿಗೂ ಕೆಟ್ಟುದಕ್ಕೂ ಇರುವ ಅಂತರವು ತಿಳಿಯುವುದು ಅದರಿಂದಲೇ. ಸಾಧಾರಣ ಮೋಟಾರು ಸೈಕಲ್ಲಿನ ಹ್ಯಾಂಡಲ್ಲು ಒಂದಂಗುಲದ ಎಂಟರಲ್ಲಿ ಏಳು ಭಾಗ, ಎಂದರೆ ಸುಮಾರು 22 ಮಿಲಿಮೀಟರ್ ಹೊರವ್ಯಾಸದ ಕೊಳವೆ. ಉಕ್ಕಿನ ಪಟ್ಟಿಯನ್ನು ಸುರುಳಿಸಿ ಉದ್ದಕ್ಕೂ ಬೆಸೆದು ಇದನ್ನು ತಯಾರಿಸಿರುವುದರಿಂದ ಅದರ ಒಡಲಲ್ಲಿ ಒಂದು ಬೆಸುಗೆಯ ಗೆರೆ ಇರುತ್ತದೆ. ಬಾಗಿಸುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ; ಆ ಗೆರೆಯು ಇವೆರಡರಲ್ಲಿ ಯಾವುದರ ಮೇಲೂ ಬೀಳದೆ ಪಾರ್ಶ್ವದಲ್ಲಿ ನಿಲ್ಲುವಂತೆ ಕೊಳವೆಯನ್ನು ತಿರುಗಿಸಿ ಇಡಬಲ್ಲವನೇ ಕೆಲಸ ಬಲ್ಲವನು. ಟೊಳ್ಳು ಕೊಳವೆಯನ್ನು ಹಾಗೆಯೇ ಬಾಗಿಸಿದರೆ ಮಡಿಕೆ ಬಿದ್ದು ಚಪ್ಪಟೆಯಾಗುವುದರಿಂದ, ಹಳೆಯ ಪದ್ಧತಿಯಲ್ಲಿ ಒಣಗಿಸಿದ ಸಣ್ಣ ಮರಳನ್ನು ಒಳಗೆ ಗಿಡಿದು, ಎರಡು ತುದಿಗಳಿಗೂ ಬೆಣೆ ಹೊಡೆದು, ಅಚ್ಚಿನ ಸುತ್ತ ಬಾಗಿಸುತ್ತಿದ್ದರು. ಬೆಂಡಿಂಗ್ ಮೆಷೀನುಗಳು ಬಂದ ಬಳಿಕ ಮರಳಿನ ಸ್ಥಾನವನ್ನು ಕೊಳವೆಯೊಳಗೆ ತೂರಿಸುವ ಉಕ್ಕಿನ ಸರಳು ಪಡೆಯಿತು. ಆಮೇಲೆ ಬಾಗಿದ ಕೊಳವೆಯನ್ನು ಜಿಗ್ಗೆಂಬ ಅಳತೆಯ ಚೌಕಟ್ಟಿನಲ್ಲಿಟ್ಟು ಎಡಬಲಗಳ ಎತ್ತರವೂ ಕೋನವೂ ಸಮವಾಗಿವೆಯೇ ಎಂದು ನೋಡುತ್ತಾರೆ. ಕ್ಲಾಂಪು ಕಚ್ಚುವ ಮಧ್ಯಭಾಗದಲ್ಲಿ ಹ್ಯಾಂಡಲ್ಲು ಸುತ್ತಿಬಾರದಂತೆ ಒರಟು ಗೀರುಗಳನ್ನು ಒತ್ತುತ್ತಾರೆ. ಸ್ವಿಚ್ಚಿನ ಪೆಟ್ಟಿಗೆಯೊಳಗಿನ ಮೊಳೆಯು ಕೂರಲು ತಕ್ಕ ಎಡೆಯಲ್ಲಿ ತೂತು ಕೊರೆಯುತ್ತಾರೆ. ಈ ತೂತು ಕೊಂಚ ಸರಿದರೂ ಸ್ವಿಚ್ಚು ಹೆಬ್ಬೆರಳಿಗೆ ಸಿಕ್ಕದ ಕಡೆಗೆ ತಿರುಗಿ ನಿಲ್ಲುತ್ತದೆ.

ಉಳಿದುದು ಹೊಳಪಿನ ಕಾರ್ಯ. ಬಫಿಂಗಿನಲ್ಲಿ ಕನ್ನಡಿಯಂತಾದ ಉಕ್ಕನ್ನು ಕ್ಷಾರದಲ್ಲಿಯೂ ಆಮ್ಲದಲ್ಲಿಯೂ ತೊಳೆದು, ನಿಕ್ಕಲಿನ ತೊಟ್ಟಿಯಲ್ಲಿ ಇಳಿಬಿಟ್ಟು ವಿದ್ಯುತ್ತನ್ನು ಹರಿಸುತ್ತಾರೆ. ಕೊನೆಯದಾಗಿ ಕ್ರೋಮಿಕ್ ಆಮ್ಲದ ತೊಟ್ಟಿ. ನೋಡುವವರ ಕಣ್ಣನ್ನು ಸೆಳೆಯುವ ಕ್ರೋಮಿಯಂ ಪದರವು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳ್ಳಗೆ. ತುಕ್ಕನ್ನು ತಡೆಯುವುದು ಅದರ ಕೆಳಗೆ ಹತ್ತಾರು ಪಟ್ಟು ದಪ್ಪನಾಗಿ ಹಬ್ಬಿರುವ ನಿಕ್ಕಲ್ಲು. ನಿಕ್ಕಲ್ಲು ಬೆಲೆಬಾಳುವ ಲೋಹವಾದುದರಿಂದ ಕಳಪೆ ಸರಕಿನವನು ಅದರಲ್ಲಿಯೇ ಕೈ ಬಿಗಿಹಿಡಿಯುತ್ತಾನೆ. ಅಂಗಡಿಯಲ್ಲಿ ಎರಡೂ ಒಂದೇ ಬಗೆಯಾಗಿ ಥಳಥಳಿಸಿದರೂ, ಮೊದಲನೆಯ ಮಳೆಗಾಲವು ಕಳೆದಾಗ ಒಂದರ ಮೈಮೇಲೆ ಕಂದುಬಣ್ಣದ ಚುಕ್ಕೆಗಳು ಮೂಡಿರುತ್ತವೆ.

1980ರ ದಶಕದ ಮಧ್ಯಭಾಗವು ಈ ವ್ಯಾಪಾರಕ್ಕೆ ಪರ್ವಕಾಲ. ಜಪಾನಿನ ಸಹಯೋಗಕ್ಕೆ ಸರ್ಕಾರವು ಬಾಗಿಲು ತೆರೆದುದರಿಂದ 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿಯೂ, 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಮತ್ತು ಯಮಹಾ ಆರ್‌.ಎಕ್ಸ್‌. 100 ಗಾಡಿಗಳೂ ಬಂದುವು. ಹಗುರವಾದ, ಮಿತವ್ಯಯದ ಈ ವಾಹನಗಳನ್ನು ಕೊಂಡವರು ಗುಮಾಸ್ತರು, ಉಪಾಧ್ಯಾಯರು, ಕಾರ್ಖಾನೆಯ ಪಾಳಿ ಕೆಲಸಗಾರರು. ಗಾಡಿಗಳು ಹೆಚ್ಚಿದಂತೆ ಬೀಳುವುದೂ ಹೆಚ್ಚಿತು. ಬಿಡಿಭಾಗಗಳ ಪೇಟೆಯಾಗಿದ್ದ ಜೆ.ಸಿ. ರಸ್ತೆಯಲ್ಲಿ ಹ್ಯಾಂಡಲ್ಲುಗಳು ಕಟ್ಟುಕಟ್ಟಾಗಿ ತೂಗತೊಡಗಿದುವು. ಮೈಸೂರಿನ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದ ಮಹಾರಾಜರ ಹೆಸರನ್ನೇ ಆ ಬೀದಿಯೂ ಹೊತ್ತಿದೆ. ಅಲ್ಲಿಗೆ ಬರುತ್ತಿದ್ದ ಸರಕೆಲ್ಲವೂ ಪೀಣ್ಯದ್ದೆಂದು ಹೇಳಿದರೆ ಅಭಿಮಾನದ ಮಾತಾದೀತೇ ಹೊರತು ಸತ್ಯವಾಗದು. ಸೈಕಲ್ ಉದ್ಯಮದ ತವರಾದ ಲೂಧಿಯಾನದಿಂದಲೂ ದೆಹಲಿಯಿಂದಲೂ ಬಹಳ ಮಾಲು ಬರುತ್ತಿದ್ದಿತು. ಆದರೆ ಹೊರಗಿನ ಸರಕಿಗೆ ತೂತು ಕೊರೆದು ಸರಿಪಡಿಸುವುದು, ಹಳೆಯ ಹ್ಯಾಂಡಲ್ಲಿಗೆ ಮರಳಿ ಪ್ಲೇಟಿಂಗ್ ಮಾಡಿಸುವುದು, ಪೇಟೆಯಲ್ಲಿ ಎಲ್ಲಿಯೂ ಸಿಕ್ಕದ ಮಾದರಿಯನ್ನು ಬಾಗಿಸಿಕೊಡುವುದು ನಗರದ ಸುತ್ತಣ ಶೆಡ್ಡುಗಳಿಗೆ ಸಾಧ್ಯವಾಗಿದ್ದಿತು. ಗಿರಾಕಿಯ ಮುಂದೆ ‘ಕಂಪನಿದು ಬೇಕಾ, ಲೋಕಲ್ ಆಗುತ್ತಾ?’ ಎಂದು ಮೆಕ್ಯಾನಿಕ್ಕನು ಕೇಳುವ ಪ್ರಶ್ನೆಯಲ್ಲಿ ಕೇವಲ ಬೆಲೆಯ ವ್ಯತ್ಯಾಸವಿದೆಯೆಂದು ತಿಳಿಯಬಾರದು. ಕೊಳವೆಯ ದಪ್ಪ, ಬೆಸುಗೆಯ ಗೆರೆ, ನಿಕ್ಕಲಿನ ತೂಕ ಎಲ್ಲವೂ ಅದರಲ್ಲಿ ಅಡಗಿವೆ. ಕಂಪನಿಯ ಮುದ್ರೆಯಿಲ್ಲದ ವಸ್ತುವೆಲ್ಲ ಕೀಳೆಂಬ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಕಳಪೆ ಸರಕಿನಿಂದ ಪ್ರಾಣಕ್ಕೆ ಕುತ್ತು ಬಂದೀತೆಂಬುದು ಎಷ್ಟು ದಿಟವೋ, ಹೆಸರಿಲ್ಲದ ಶೆಡ್ಡಿನಲ್ಲಿ ಹೆಸರಾಂತ ಕಾರ್ಖಾನೆಗೆ ಸಮನಾದ ಕೆಲಸವು ನಡೆಯಬಲ್ಲುದೆಂಬುದೂ ಅಷ್ಟೇ ದಿಟ.

ಈ ಚರಿತ್ರೆಯಲ್ಲಿ ನೋವಿನ ಅಧ್ಯಾಯವೊಂದಿದೆ. ಅದನ್ನು ಮರೆಮಾಚಿ ಹೊಳಪನ್ನು ಮಾತ್ರ ವರ್ಣಿಸುವುದು ಅನ್ಯಾಯ. ಪ್ಲೇಟಿಂಗ್ ತೊಟ್ಟಿಯ ಕ್ರೋಮಿಕ್ ಆಮ್ಲದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ವಿಷ. ಅದರ ಆವಿಯನ್ನು ಬಹುಕಾಲ ಉಸಿರಾಡಿದವರ ಮೂಗಿನ ನಡುಗೋಡೆಯಲ್ಲಿ ತೂತು ಬೀಳುತ್ತದೆ, ಕೈಗಳಲ್ಲಿ ಬೇಗ ಮಾಯದ ಹುಣ್ಣುಗಳೇಳುತ್ತವೆ, ಶ್ವಾಸಕೋಶದ ಕ್ಯಾನ್ಸರು ಬರುವ ಸಂಭವವೂ ಹೆಚ್ಚುತ್ತದೆ. ತೊಳೆದ ನೀರನ್ನು ಶುದ್ಧಿಮಾಡದೆ ಚರಂಡಿಗೆ ಬಿಟ್ಟುದರ ಫಲವಾಗಿ ಪೀಣ್ಯದ ಅಂತರ್ಜಲದಲ್ಲಿ ಆ ಕ್ರೋಮಿಯಂ ಕಂಡುಬಂದಿತು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದ ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ ಪೀಣ್ಯವನ್ನು ತೀವ್ರವಾಗಿ ಮಲಿನಗೊಂಡವುಗಳ ಸಾಲಿಗೆ ಸೇರಿಸಿತು. ಪ್ಲೇಟಿಂಗ್ ಆದುದು ಹ್ಯಾಂಡಲ್ಲಿಗೆ ಮಾತ್ರವಲ್ಲ, ನೂರಾರು ಬಗೆಯ ವಸ್ತುಗಳಿಗೆ. ಆದರೂ ಆ ಋಣದಲ್ಲಿ ಸವಾರರ ಪಾಲೂ ಉಂಟು.

ನಗರದ ಪೂರ್ವ ಮತ್ತು ದಕ್ಷಿಣ ಅಂಚುಗಳಲ್ಲಿ ಹ್ಯಾಂಡಲ್ಲಿನ ಕಥೆಯು ಬೇರೊಂದು ತಿರುವನ್ನು ಪಡೆಯಿತು. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ತನ್ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಳಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನಲ್ಲಿ ಟೆಕ್ ಪಾರ್ಕು ಎದ್ದಿತು. ಅಲ್ಲಿಗೆ ಬಂದ ತರುಣ ಇಂಜಿನಿಯರುಗಳು ಮುರಿಯದ ಹ್ಯಾಂಡಲ್ಲನ್ನೂ ಬದಲಿಸತೊಡಗಿದರು: ದೂರಪ್ರಯಾಣಕ್ಕೆ ಅಗಲವಾದುದು, ವೇಗಕ್ಕೆ ಚಪ್ಪಟೆಯಾದುದು. 1969ರಲ್ಲಿ ಇಂಗ್ಲೆಂಡಿನ ರೆಂಥಾಲ್ ಸಂಸ್ಥೆಯು ಸ್ಪರ್ಧೆಯ ಗಾಡಿಗಳಿಗಾಗಿ ತಯಾರಿಸತೊಡಗಿದ ಅಲ್ಯೂಮಿನಿಯಂ ಹ್ಯಾಂಡಲ್ಲಿನ ಅನುಕರಣಗಳು ಹೂಡಿ, ಕುಂದಲಹಳ್ಳಿಗಳಂಥ ಹಳೆಯ ಹಳ್ಳಿಗಳ ಓಣಿಯ ಗ್ಯಾರೇಜುಗಳಿಗೂ ಬಂದುವು. ಅಲ್ಯೂಮಿನಿಯಂ ಬಾಗಿದರೆ ಬೆಂಡ್ ತೆಗೆಯುವ ಮಾತೇ ಇಲ್ಲ. ಅದು ಸೀಳುತ್ತದೆ, ಎಸೆಯಬೇಕು. ಎತ್ತರದ ಹ್ಯಾಂಡಲ್ಲಿಗೆ ಹಳೆಯ ಕ್ಲಚ್ ಕೇಬಲ್ಲು ಸಾಲದು. ಹಾಗೆಯೇ ಎಳೆದು ಕಟ್ಟಿದರೆ ತಿರುವಿನಲ್ಲಿ ಕ್ಲಚ್ಚು ತಾನಾಗಿ ಬಿಡಿಸಿಕೊಳ್ಳುತ್ತದೆ, ಆಕ್ಸಿಲರೇಟರು ತಾನಾಗಿ ಏರುತ್ತದೆ.

ಇದರ ನಡುವೆ ಕಾನೂನೂ ಮಾತಾಡಿತು. ವಾಹನವನ್ನು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಡಿಸಬಾರದೆಂಬ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವನ್ನು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿಗಿಯಾಗಿ ಎತ್ತಿಹಿಡಿಯಿತು. ಆ ಪ್ರಕರಣದ ವಿವರಣೆಯಲ್ಲಿ ಮಾರ್ಪಾಡೆಂದರೆ ವಾಹನದ ಮೂಲ ಲಕ್ಷಣವು ಬದಲಾಗುವಂಥ ರಚನೆಯ ವ್ಯತ್ಯಾಸವೆಂದಿದೆ. ಬಾಗಿದ ಹ್ಯಾಂಡಲ್ಲಿನ ಜಾಗದಲ್ಲಿ ಅದೇ ಆಕಾರದ್ದನ್ನು ಹಾಕಿಸಿದ ಬಡ ಸವಾರನು ಅದಕ್ಕೆ ಅಂಜಬೇಕಾದುದಿಲ್ಲವೆಂದು ನನಗೆ ತೋರುತ್ತದೆ.

ಇಂದು ಹೊಸ ಗಾಡಿಗಳ ಹ್ಯಾಂಡಲ್ಲು ಹೆಚ್ಚಾಗಿ ಕಪ್ಪು ಬಣ್ಣದ ಪೌಡರ್ ಕೋಟಿಂಗಿನದು. ಅದಕ್ಕೆ ಕ್ರೋಮಿಯಂ ತೊಟ್ಟಿ ಬೇಡ; ಮನೆಮನೆಗೆ ಊಟ ತಲುಪಿಸುವ ಹುಡುಗರು ಬಿದ್ದು ಬಾಗಿಸಿಕೊಂಡು ತಂದರೆ ಅಗ್ಗದ ಬೆಲೆಗೆ ಅಂಥದೊಂದು ಸಿಕ್ಕುತ್ತದೆ. ಕ್ರೋಮಿಯಂ ಬೇಕೆಂದು ಹಟ ಹಿಡಿಯುವವರಲ್ಲಿ ಯೆಜ್ದಿಯನ್ನೂ ಆರ್‌.ಎಕ್ಸ್‌. 100 ಗಾಡಿಯನ್ನೂ ಮೊದಲಿನ ರೂಪಕ್ಕೆ ತರುವ ಅಭಿಮಾನಿಗಳು ಮುಖ್ಯರು. ಕಾರ್ಖಾನೆಯ ಹ್ಯಾಂಡಲ್ಲು ಮುಗಿದುಹೋಗಿರುವುದರಿಂದ ಅವರು ಹಳೆಯದನ್ನೇ ನಮೂನೆಯಾಗಿ ಹೊತ್ತು ಶೆಡ್ಡುಗಳಿಗೆ ಹೋಗುತ್ತಾರೆ. ವಿಷವು ಬಹಳ ಕಡಮೆಯಾದ ಟ್ರೈವೇಲೆಂಟ್ ಕ್ರೋಮಿಯಂ ಲೇಪವು ಈಗ ಬಳಕೆಗೆ ಬಂದಿದೆಯಾದರೂ, ಅದರ ಬಣ್ಣವು ಹಳೆಯದರ ನೀಲಿಯ ಛಾಯೆಗಿಂತ ಒಂದಿಷ್ಟು ಮಬ್ಬೆಂದು ಅವರಲ್ಲಿ ಕೆಲವರು ಒಲ್ಲೆನ್ನುತ್ತಾರೆ. ತೊಟ್ಟಿಯ ಮುಂದೆ ನಿಂತು ದುಡಿಯುವವನ ಮೂಗನ್ನೂ ಕೈಯನ್ನೂ ನೆನೆದು ಆ ಮಬ್ಬನ್ನು ಅವರು ಒಪ್ಪಿಕೊಳ್ಳಬೇಕೆಂದು ನಾನು ಕೇಳಿಕೊಳ್ಳುತ್ತೇನೆ.