ದ್ವೀಪದಲ್ಲಿ ಹುಟ್ಟಿದ ಕಾಮಿಲ್: ವೈದ್ಯ ಇಬ್ನು ನಫೀಸ್ ಬರೆದ ಕಥೆ

ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಮರಳುವ ರಕ್ತದ ದಾರಿಯನ್ನು ಸರಿಯಾಗಿ ವಿವರಿಸಿದವರು ಇಬ್ನು ನಫೀಸ್ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತು. ಅದೇ ವೈದ್ಯರು ಒಂದು ಕಥೆಯನ್ನೂ ಬರೆದಿದ್ದರು. ಹೆಸರು 'ಅರ್ರಿಸಾಲತುಲ್ ಕಾಮಿಲಿಯ್ಯ'. ಅದನ್ನು ಜಗತ್ತಿನ ಮೊದಲ ವೈಜ್ಞಾನಿಕ ಕಥೆಗಳಲ್ಲೊಂದು ಎನ್ನುವವರಿದ್ದಾರೆ. ಬಿರುದು ಒಪ್ಪುವ ಮೊದಲು ಕಥೆಯನ್ನು ನೋಡೋಣ.

ಜನರಿಲ್ಲದ ಒಂದು ದ್ವೀಪ. ಅಲ್ಲಿನ ಗುಹೆಯಲ್ಲಿ ಸೇರಿಕೊಂಡ ಮಣ್ಣು ಬಿಸಿಲಿನ ಕಾವಿಗೆ ಹುದುಗಿ, ಅದರಿಂದ ಕಾಮಿಲ್ ಎಂಬ ಬಾಲಕ ರೂಪುಗೊಳ್ಳುತ್ತಾನೆ. ತಂದೆ ತಾಯಿಯಿಲ್ಲದ ಇಂಥ ಹುಟ್ಟು ಸಾಧ್ಯವೇ ಎಂಬುದು ಅಂದಿನ ವೈದ್ಯರೂ ತತ್ವಜ್ಞಾನಿಗಳೂ ಗಂಭೀರವಾಗಿ ಚರ್ಚಿಸುತ್ತಿದ್ದ ಪ್ರಶ್ನೆ. ಇಬ್ನು ಸೀನಾ ಸಾಧ್ಯವೆಂದೇ ಹೇಳಿದ್ದರು. ಕಾಮಿಲ್ ಗಿಡ, ಪ್ರಾಣಿ, ಅವುಗಳ ಅಂಗಾಂಗಗಳನ್ನು ಗಮನಿಸುತ್ತಾನೆ. ಪ್ರತಿಯೊಂದಕ್ಕೂ ಒಂದು ಉಪಯೋಗವಿರುವುದನ್ನು ಕಂಡು ಸೃಷ್ಟಿಕರ್ತನ ಕಡೆಗೆ ತಲುಪುತ್ತಾನೆ.

ಇಲ್ಲಿಯವರೆಗೆ ಇದು ಆಂದಲೂಸಿನ ವೈದ್ಯ ಇಬ್ನು ತುಫೈಲ್ (ಮರಣ 1185) ಬರೆದ 'ಹಯ್ಯ್ ಬಿನ್ ಯಕ್‌ಝಾನ್' ಕಥೆಯಂತೆಯೇ ಇದೆ. ಅಲ್ಲಿ ಹಯ್ಯ್ ಒಂಟಿಯಾಗಿಯೇ ಪರಮಸತ್ಯವನ್ನು ಕಾಣುತ್ತಾನೆ. ಇಬ್ನು ನಫೀಸರಿಗೆ ಅದು ಒಪ್ಪಿಗೆಯಿಲ್ಲ. ಅವರ ಕಥೆಯಲ್ಲಿ ಒಂದು ಹಡಗು ಬರುತ್ತದೆ. ಬಂದವರು ಕಾಮಿಲನಿಗೆ ಬೇಯಿಸಿದ ಆಹಾರ ಕೊಡುತ್ತಾರೆ, ಬಟ್ಟೆ ತೊಡಿಸುತ್ತಾರೆ. ಆ ರುಚಿ, ಆ ಬೆಚ್ಚಗಿನ ಸುಖ ಅವನನ್ನು ಯೋಚನೆಗೆ ಹಚ್ಚುತ್ತದೆ: ಒಬ್ಬನೇ ಬಿತ್ತಿ, ಬೇಯಿಸಿ, ನೇಯಲಾರ. ಮನುಷ್ಯನಿಗೆ ಮನುಷ್ಯ ಬೇಕು. ಹಲವರು ಸೇರಿದರೆ ಜಗಳ ಬರುತ್ತದೆ, ಜಗಳ ತೀರಲು ಎಲ್ಲರೂ ಒಪ್ಪುವ ಕಾನೂನು ಬೇಕು, ಕಾನೂನು ತರಲು ಪ್ರವಾದಿ ಬೇಕು. ಒಂದು ತುತ್ತು ಅನ್ನದಿಂದ ಪ್ರವಾದಿತ್ವದವರೆಗೆ ಹೋಗುವ ಈ ತರ್ಕವೇ ಕೃತಿಯ ಜೀವ ಎಂದು ನಮಗನಿಸುತ್ತದೆ. ಆಮೇಲೆ ಪ್ರವಾದಿಯವರ(ಸ) ಜೀವನದ ಘಟನೆಗಳನ್ನೂ ಕಾಮಿಲ್ ತರ್ಕದಿಂದಲೇ ಊಹಿಸುತ್ತಾ ಹೋಗುತ್ತಾನೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕದಂತೆ ಆ ಭಾಗ ಸ್ವಲ್ಪ ಬಿಗಿಯಾಗಿದೆ.

ಕೊನೆಯಲ್ಲಿ ಲೋಕಾಂತ್ಯ ಬರುತ್ತದೆ. ಸೂರ್ಯಪಥದ ಓರೆ ಕಡಿಮೆಯಾಗುತ್ತಿರುವುದನ್ನು ಖಗೋಳಜ್ಞರು ಆಗಲೇ ಗುರುತಿಸಿದ್ದರು. ಆ ಓರೆ ಇಲ್ಲವಾದರೆ ಋತುಗಳು ಕೆಟ್ಟು, ಕೆಲವೆಡೆ ಅತಿಯಾದ ಸೆಕೆ, ಕೆಲವೆಡೆ ಅತಿಯಾದ ಚಳಿ ಬರುತ್ತದೆಂದು ಅವರು ಕಾರಣ ಕೊಡುತ್ತಾರೆ. ಇದನ್ನು ಬರೆದ ಕಾಲವನ್ನು ಮರೆಯಬಾರದು. 1258ರಲ್ಲಿ ಮಂಗೋಲರು ಬಗ್ದಾದನ್ನು ನಾಶ ಮಾಡಿದ್ದರು. 1260ರಲ್ಲಿ ಐನ್ ಜಾಲೂತ್‌ನಲ್ಲಿ ಈಜಿಪ್ಟಿನ ಸೇನೆ ಅವರನ್ನು ತಡೆದಿತ್ತು. ಕಥೆಯಲ್ಲೂ ಸಮುದಾಯದ ಮೇಲೆ ದಾಳಿ ಬರುತ್ತದೆ, ಬಲಿಷ್ಠ ಸುಲ್ತಾನನೊಬ್ಬ ಎದುರಿಸುತ್ತಾನೆ. ಅದು ಬೈಬರ್ಸ್‌ರ ಚಿತ್ರವೆಂದು ವಿದ್ವಾಂಸರ ಅಭಿಪ್ರಾಯ.

ಹಾಗಾದರೆ ಇದು ವೈಜ್ಞಾನಿಕ ಕಥೆಯೇ? ಯಂತ್ರಗಳಿಲ್ಲ, ಆಕಾಶಯಾನವಿಲ್ಲ. ಆದರೆ ಆಧಾರ ಮಾತ್ರ ಅಂದಿನ ವಿಜ್ಞಾನವೇ. ಇಬ್ನು ನಫೀಸರಿಗೆ ಹಾರ್ವೆಯ ಕಿರೀಟ ತೊಡಿಸುವ ಸಂದೇಶಗಳೂ ನಮ್ಮ ಫೋನುಗಳಿಗೆ ಬರುತ್ತಿರುತ್ತವೆ. 1242ರಲ್ಲಿ ಬರೆದ ವ್ಯಾಖ್ಯಾನದಲ್ಲಿ ಅವರು ಹೇಳಿದ್ದು ಇಷ್ಟು: ಹೃದಯದ ನಡುಗೋಡೆಯಲ್ಲಿ ರಂಧ್ರಗಳಿಲ್ಲ, ಗ್ಯಾಲೆನ್ ಹೇಳಿದ್ದು ತಪ್ಪು, ರಕ್ತ ಶ್ವಾಸಕೋಶದ ಮೂಲಕವೇ ಎಡಭಾಗಕ್ಕೆ ಬರುತ್ತದೆ. ಇಡೀ ದೇಹದ ರಕ್ತಪರಿಚಲನೆಯನ್ನು ತೋರಿಸಿದ್ದು 1628ರಲ್ಲಿ ಹಾರ್ವೆ. ಇಬ್ನು ನಫೀಸರ ಸಾಧನೆಗೆ ಉತ್ಪ್ರೇಕ್ಷೆ ಬೇಕಿಲ್ಲ.

ಅವರ ಆ ವ್ಯಾಖ್ಯಾನ 1924ರಲ್ಲಿ ಬರ್ಲಿನಿನ ಗ್ರಂಥಾಲಯದಲ್ಲಿ ಈಜಿಪ್ಟಿನ ಒಬ್ಬ ವೈದ್ಯನ ಕಣ್ಣಿಗೆ ಬಿತ್ತು. ಕಾಮಿಲನ ಕಥೆ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾದದ್ದು 1968ರಲ್ಲಿ. ಕರ್ತೃ ಕೈರೋದಲ್ಲಿ ತೀರಿಕೊಂಡದ್ದು ಹಿಜರಿ 687ರಲ್ಲಿ (ಕ್ರಿ.ಶ. 1288). ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಅವರು ಅಲ್ಲಿನ ಮನ್ಸೂರಿ ಆಸ್ಪತ್ರೆಗೆ ವಕ್ಫ್ ಮಾಡಿ ಹೋಗಿದ್ದರು.