ತಾತ್ತ್ವಿಕ, ದಾರ್ಶನಿಕ, ವೇದಾಂತ: ‘ಫಿಲಾಸಫಿಕಲ್’ ಪದದ ಕನ್ನಡ ಚರಿತ್ರೆ

ಇಂಗ್ಲಿಷಿನ ‘ಫಿಲಾಸಫಿಕಲ್’ ಎಂಬ ಗುಣವಾಚಕಕ್ಕೆ ಬರಹದ ಕನ್ನಡ ‘ತಾತ್ತ್ವಿಕ’, ‘ದಾರ್ಶನಿಕ’ ಎಂಬ ಎರಡು ಪದಗಳನ್ನು ಇಟ್ಟುಕೊಂಡಿದೆ. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಹೋಬಳಿಯಂಥ ಗಡಿಸೀಮೆಯ ಆಡುಮಾತಿನಲ್ಲಿ ಮೂರನೆಯದೊಂದು ಇದೆ: ವೇದಾಂತ. ಇಂಗ್ಲಿಷ್ ಪದದ ದಿನಬಳಕೆಯ ಅರ್ಥಕ್ಕೆ ಹೆಚ್ಚು ಹತ್ತಿರವಿರುವುದು ಈ ಮೂರನೆಯದೇ ಎಂಬುದು ನನ್ನ ವಾದ.

ಮೂಲ ಗ್ರೀಕಿನಲ್ಲಿ ‘ಫಿಲೊಸ್’ ಎಂದರೆ ಒಲಿದವನು, ‘ಸೊಫಿಯ’ ಎಂದರೆ ಅರಿವು. ತನ್ನನ್ನು ಜ್ಞಾನಿ ಎನ್ನದೆ ಜ್ಞಾನಪ್ರಿಯ ಎಂದುಕೊಂಡ ಮೊದಲಿಗ ಪೈಥಾಗೊರಸ್ ಎಂದು ರೋಮಿನ ಸಿಸೆರೊ ಹೇಳುತ್ತಾನೆ. ಇಬ್ಬರ ನಡುವೆ ನಾಲ್ಕು ಶತಮಾನಕ್ಕೂ ಮೀರಿದ ಅಂತರವಿರುವುದರಿಂದ ಇದನ್ನು ಕಥೆಯೆಂದೇ ಓದಬೇಕು. ಲ್ಯಾಟಿನ್ ದಾಟಿ 14ನೆಯ ಶತಮಾನದ ಕೊನೆಯ ಹೊತ್ತಿಗೆ ಪದ ಇಂಗ್ಲಿಷಿಗೆ ಬಂತು. ಆಗ ಅದರ ಹರವು ದೊಡ್ಡದು. ಇಂದು ನಾವು ವಿಜ್ಞಾನ ಎನ್ನುವುದೂ ಅದರೊಳಗೇ ಇತ್ತು. ಲಂಡನ್ನಿನ ರಾಯಲ್ ಸೊಸೈಟಿಯ ವಿಜ್ಞಾನ ಪತ್ರಿಕೆ 1665ರಲ್ಲಿ ಹೊರಟದ್ದು ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಹೆಸರಿನಲ್ಲಿ. ನ್ಯೂಟನ್ 1687ರ ತನ್ನ ಗ್ರಂಥವನ್ನು ನಿಸರ್ಗದ ಫಿಲಾಸಫಿ ಎಂದೇ ಕರೆದ. ಮುಂದೆ ವಿಜ್ಞಾನ ಬೇರೆ ಮನೆ ಹೂಡಿತು. ಆ ಹಳೆಯ ಒಕ್ಕೂಟದ ಗುರುತು ಪಿಎಚ್.ಡಿ.ಯಲ್ಲಿ ಉಳಿದಿದೆ: ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡಿದವರೂ ‘ಡಾಕ್ಟರ್ ಆಫ್ ಫಿಲಾಸಫಿ’! ಈ ನಡುವೆ ಪದಕ್ಕೆ ಇನ್ನೊಂದು ಅರ್ಥವೂ ಸೇರಿತು: ಬಂದದ್ದನ್ನು ಕದಲದೆ ಸಹಿಸಿಕೊಳ್ಳುವ ಮನಸ್ಸು.

ಕನ್ನಡದ ಜೋಡಿ ಪದಗಳ ಹುಟ್ಟು ಬೇರೆ. ‘ತತ್’ ಎಂದರೆ ಅದು. ‘ತತ್ತ್ವ’ ಎಂದರೆ ಅದರ ಅದುತನ. ‘ದರ್ಶನ’ ನೋಟಕ್ಕೆ ಸಂಬಂಧಿಸಿದ್ದು. ಎರಡರಲ್ಲೂ ಪ್ರೀತಿಯ ಮಾತಿಲ್ಲ. ವಿಜಯನಗರದ ಕಾಲದ, ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ ಚಾರ್ವಾಕರಿಂದ ಆರಂಭಿಸಿ ಹಲವು ಮತಗಳನ್ನು ಸಾಲಾಗಿ ಪರೀಕ್ಷಿಸುತ್ತದೆ. ‘ದಾರ್ಶನಿಕ’ ಎಂಬುದಕ್ಕೆ ಇಂದಿಗೂ ಈ ಶಾಸ್ತ್ರದ ಗತ್ತು ಇದೆ.

ಊರಿನ ಮಾತಿಗೆ ಆ ಗತ್ತು ಬೇಡ. ಮಳೆ ಕೈಕೊಟ್ಟು ಕಡಲೆಕಾಯಿ ಹೊಲ ಒಣಗಿದಾಗ ಒಬ್ಬ “ಹೋಗೋದು ಹೋಯ್ತು ಬಿಡು, ನಮ್ದೇನೈತೆ” ಎಂದರೆ, ಪಕ್ಕದವನು “ವೇದಾಂತ ಹೇಳ್ಬ್ಯಾಡ, ಸಾಲ ಯಾರ್ ಕಟ್ತಾರೆ?” ಎನ್ನುತ್ತಾನೆ. ಗಡಿಯಾಚೆಯ ತೆಲುಗಿನಲ್ಲೂ ‘ವೇದಾಂತಂ’ ಇದೇ ಕೆಲಸ ಮಾಡುತ್ತದೆ. ಉಪನಿಷತ್ತಿನ ಹೆಸರು ಸಹನೆಯನ್ನು ಸೂಚಿಸುವುದರ ಜೊತೆಗೆ ಅದನ್ನು ಗೇಲಿಯೂ ಮಾಡುತ್ತದೆ. ಆದರೆ ‘ತತ್ವ’ಕ್ಕೆ ಈ ಗತಿ ಬರಲಿಲ್ಲ. ಕೈವಾರ ತಾತಯ್ಯನವರಂಥವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದ ಸೀಮೆಯಿದು. ಏಕತಾರಿ ಹಿಡಿದು ಹಾಡಿದ ತತ್ವಪದ ಆ ಮಾತಿನ ಮರ್ಯಾದೆ ಕಾಯ್ದಿತು ಎಂದು ನಾನು ಊಹಿಸುತ್ತೇನೆ.

‘ತಾತ್ತ್ವಿಕ’ವಾದರೋ ಕಚೇರಿ ಸೇರಿತು. ನೀರಾವರಿ ಯೋಜನೆಗೆ ‘ತಾತ್ವಿಕ ಒಪ್ಪಿಗೆ’ ಎಂದು ಪತ್ರಿಕೆ ಬರೆದರೆ, ಇನ್ನೂ ಹಣ ಬಂದಿಲ್ಲ ಎಂದು ಪಾವಗಡದ ಓದುಗ ಅರ್ಥಮಾಡಿಕೊಳ್ಳುತ್ತಾನೆ. ಇಂಗ್ಲಿಷಿನ ‘ಫಿಲಾಸಫಿಕಲ್’ಗೆ ಈ ಅರ್ಥವೇ ಇಲ್ಲ. ಆದ್ದರಿಂದ ಇಂಗ್ಲಿಷ್–ಕನ್ನಡ ನಿಘಂಟುಗಳನ್ನು ಪರಿಷ್ಕರಿಸುವವರು ಈ ಪದದ ಎದುರು ‘ವೇದಾಂತಿಯಂಥ’ ಎಂಬುದನ್ನೂ, ಅದರ ವ್ಯಂಗ್ಯದ ಸಮೇತ, ಸೇರಿಸಬೇಕು.